ಮುಳ್ಳಿನ ಬಾವು ಇಳಿಯಿತು, ಗಿಣ್ಣಿನ ಊತ ಏಕೆ ಇಳಿಯಲಿಲ್ಲ?

ಪ್ರಶ್ನೆ: ಮೇಡಂ, ಎರಡು ತಿಂಗಳ ಹಿಂದೆ ನನ್ನ ಬೆರಳಿಗೆ ಮುಳ್ಳು ಚುಚ್ಚಿ ಕೆಂಪಗೆ ಊದಿಕೊಂಡಿತ್ತು. ನಾಲ್ಕೈದು ದಿನಕ್ಕೆ ತಾನಾಗಿಯೇ ಇಳಿಯಿತು. ಆದರೆ ನಮ್ಮ ತಾಯಿಯ ಕೈಬೆರಳ ಗಿಣ್ಣುಗಳ ಊತ ಒಂದೂವರೆ ವರ್ಷವಾದರೂ ಇಳಿದಿಲ್ಲ. ರುಮಟಾಯ್ಡ್ ಸಂಧಿವಾತ ಎಂದಿದ್ದಾರೆ. ಎರಡೂ ಉರಿಯೂತವೇ ಅಂತೆ. ಹಾಗಿದ್ದರೆ ಒಂದು ನಿಂತು, ಇನ್ನೊಂದು ನಿಲ್ಲದಿರುವುದೇಕೆ? ಈಗ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಶುರು ಮಾಡಬೇಕು, ಅದಕ್ಕೂ ಮುಂಚೆ ಟಿಬಿ ಪರೀಕ್ಷೆ ಆಗಲೇಬೇಕು ಎನ್ನುತ್ತಿದ್ದಾರೆ. ಗಿಣ್ಣು ನೋವಿಗೂ ಟಿಬಿಗೂ ಏನು ಸಂಬಂಧ?

ಉತ್ತರ: ‘ತಾನಾಗಿಯೇ ಇಳಿಯಿತು’ ಎಂದು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ. ಉರಿಯೂತ ತಾನಾಗಿ ಇಳಿಯುವುದಿಲ್ಲ, ಅದನ್ನು ಇಳಿಸಬೇಕು. ಇಳಿಸುವ ಕೆಲಸವನ್ನೂ ಬಹುಪಾಲು ಅದನ್ನು ಏರಿಸಿದ ಕೋಶಗಳೇ ಮಾಡುತ್ತವೆ.

ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಹೊಕ್ಕಿತು ಅನ್ನಿ. ಚರ್ಮದಡಿ ಇರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶ ಅದನ್ನು ಗುರುತಿಸುತ್ತದೆ. ಈ ಕೋಶದೊಳಗೆ ಎನ್‌ಎಫ್-ಕಪ್ಪಬಿ ಎಂಬ ಪ್ರೋಟೀನು ಉಂಟು. ಸುಮ್ಮನಿರುವ ಹೊತ್ತಿನಲ್ಲಿ ಐಕಪ್ಪಬಿ ಎಂಬ ಇನ್ನೊಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಅಪಾಯದ ಸುಳಿವು ಸಿಕ್ಕ ಕೆಲವೇ ನಿಮಿಷಗಳಲ್ಲಿ ಕೋಶ ಆ ಹಿಡಿತವನ್ನು ಚೂರುಚೂರು ಮಾಡುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಬಿ ಕೋಶಕೇಂದ್ರಕ್ಕೆ ಹೋಗಿ ಟಿಎನ್‌ಎಫ್, ಇಂಟರ್‌ಲೂಕಿನ್-1, ಇಂಟರ್‌ಲೂಕಿನ್-6 ಎಂಬ, ಉರಿಯೂತ ಏರಿಸುವ ಸಂಕೇತ ಪ್ರೋಟೀನುಗಳ ಜೀನುಗಳನ್ನು ಎಬ್ಬಿಸುತ್ತದೆ. ರಕ್ತನಾಳ ಹಿಗ್ಗಿ ಬೆರಳು ಕೆಂಪಾಗುತ್ತದೆ, ನೀರು ಸೋರಿ ಊದುತ್ತದೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ.

ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಮುಂದಿನ ಸಂಗತಿ. ಅದೇ ಎನ್‌ಎಫ್-ಕಪ್ಪಬಿ, ಅದೇ ಹೊತ್ತಿನಲ್ಲಿ, ಹೊಸ ಐಕಪ್ಪಬಿಯ ಜೀನನ್ನೂ ಎಬ್ಬಿಸುತ್ತದೆ. ತನ್ನನ್ನು ಕಟ್ಟಿಹಾಕುವ ಹಗ್ಗವನ್ನು ತಾನೇ ಹೊಸೆಯುತ್ತದೆ. ಸುಮಾರು ಒಂದು ಗಂಟೆಯಲ್ಲಿ ಹೊಸ ಹಗ್ಗ ಸಿದ್ಧ.

ಕೋಶದ ಹೊರಗೂ ಹೀಗೆಯೇ. ಇಂಟರ್‌ಲೂಕಿನ್-1 ಬಂದು ಕೂರಬೇಕಾದ ಜಾಗದಲ್ಲಿ ಅದನ್ನೇ ಹೋಲುವ ಇನ್ನೊಂದು ಪ್ರೋಟೀನು ಬಂದು ಕೂತುಬಿಡುತ್ತದೆ. ಕೂತರೂ ಸಂಕೇತ ಕಳಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು 1989ರಲ್ಲಿ ಪತ್ತೆಯಾದ ಇಂಟರ್‌ಲೂಕಿನ್-10. ಮ್ಯಾಕ್ರೊಫೇಜ್ ಮೊದಲು ಟಿಎನ್‌ಎಫ್ ಸುರಿಸಿ, ಕೆಲವು ಗಂಟೆ ಕಳೆದ ಮೇಲೆ ಇದನ್ನು ಹೆಚ್ಚಾಗಿ ಬಿಡುತ್ತದೆ. ಇದು ಟಿಎನ್‌ಎಫ್ ತಯಾರಿಯನ್ನೇ ತಗ್ಗಿಸುತ್ತದೆ. ಇದರ ಜೀನು ತೆಗೆದ ಇಲಿಗಳಿಗೆ ಕರುಳಿನ ತೀವ್ರ ಉರಿಯೂತ ಬಂದದ್ದನ್ನು 1993ರಲ್ಲೇ ವರದಿ ಮಾಡಿದ್ದಾರೆ. ಕರುಳಲ್ಲಿ ಸದಾ ಇರುವ ಸಾಧು ಬ್ಯಾಕ್ಟೀರಿಯಾಗಳ ಮೇಲೇ ಅವುಗಳ ದೇಹ ತಿರುಗಿಬಿದ್ದಿತ್ತು. 2009ರಲ್ಲಿ, ಇಂಟರ್‌ಲೂಕಿನ್-10ರ ಗ್ರಾಹಕ (ಅದು ಬಂದು ಕೂರುವ, ಕೋಶದ ಮೇಲಿನ ಜಾಗ) ಕೆಟ್ಟಿದ್ದ ಎಳೆಯ ಮಕ್ಕಳಲ್ಲೂ ಇದೇ ತೊಂದರೆ ಕಂಡಿತು. ಒಂದೇ ಒಂದು ತಡೆ ಇಲ್ಲವಾದರೆ ಸಾಕು.

ಮೂವತ್ತೊಂದು ವರ್ಷ ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ಊದಿದ ಮಂಡಿಯಿಂದ ತೆಗೆದ ನೀರನ್ನು ಸ್ಲೈಡಿಗೆ ಹಚ್ಚಿ, ಜೀಮ್ಸಾ ಬಣ್ಣ ಹಾಕಿ ನೋಡಿದರೆ ಕೆಲವೊಮ್ಮೆ ಒಂದು ದೊಡ್ಡ ಮ್ಯಾಕ್ರೊಫೇಜಿನ ಹೊಟ್ಟೆಯೊಳಗೆ ಸತ್ತ ನ್ಯೂಟ್ರೊಫಿಲ್ ಕಾಣುತ್ತದೆ. ಅದರ ಎಸಳೆಸಳಾದ ಕೇಂದ್ರ ಕುಗ್ಗಿ, ಕಡುನೇರಳೆ ಮಣಿಯಾಗಿರುತ್ತದೆ. ಅಂಥದ್ದು ಕಂಡಾಗ ಕಿರಿಯರನ್ನು ಕರೆದು ತೋರಿಸದೆ ನಾನು ಸ್ಲೈಡ್ ತೆಗೆದದ್ದೇ ಇಲ್ಲ. ಸತ್ತ ಕೋಶವನ್ನು ನುಂಗಿದ ಮೇಲೆ ಮ್ಯಾಕ್ರೊಫೇಜಿನ ನಡತೆಯೇ ಬದಲಾಗುತ್ತದೆ. ಟಿಎನ್‌ಎಫ್ ಕಡಿಮೆ ಮಾಡಿ, ಇಂಟರ್‌ಲೂಕಿನ್-10 ಮತ್ತು ಟಿಜಿಎಫ್-ಬೀಟಾ ಎಂಬ, ಉರಿಯೂತ ಇಳಿಸುವ ಪ್ರೋಟೀನುಗಳನ್ನು ಬಿಡುತ್ತದೆ. ಗಾಯ ಮಾಯುವ ಕೆಲಸ ಶುರುವಾಗುತ್ತದೆ. ನಿಮ್ಮ ಬೆರಳಲ್ಲಿ ಆದದ್ದು ಇದು.

ನಿಮ್ಮ ತಾಯಿಯವರ ಗಿಣ್ಣುಗಳಲ್ಲಿ ಕಿತ್ತು ಹಾಕಲು ಮುಳ್ಳಿಲ್ಲ. ದೇಹ ತನ್ನದೇ ಪ್ರೋಟೀನುಗಳನ್ನು ಪರಕೀಯವೆಂದು ತಿಳಿದಿದೆ, ಹಾಗಾಗಿ ‘ಅಪಾಯ’ ಎಂಬ ಕರೆ ನಿಲ್ಲುವುದೇ ಇಲ್ಲ. ಅಲ್ಲಿ ತಡೆಯುವ ಪ್ರೋಟೀನುಗಳು ಇಲ್ಲವೆಂದಲ್ಲ. ಇವೆ, ಸಾಲುತ್ತಿಲ್ಲ. ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ತಂಡ, ಇಂಥ ಕೀಲಿನ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಟಿಎನ್‌ಎಫ್ ಒಂದನ್ನೇ ತಡೆದಾಗ ಇಂಟರ್‌ಲೂಕಿನ್-1 ಕೂಡ ಇಳಿಯಿತು. 1992ರಲ್ಲಿ ಅವರು ರೋಗಿಗಳಿಗೆ ಆ ಚಿಕಿತ್ಸೆ ಕೊಡಲಾರಂಭಿಸಿದರು. ನಿಮ್ಮ ತಾಯಿಗೆ ಬರೆದಿರುವ ಇಂಜೆಕ್ಷನ್ನಿನ ಬೇರು ಅಲ್ಲಿದೆ.

ಇನ್ನು ಟಿಬಿ. ಎಷ್ಟೋ ಜನರ ದೇಹದಲ್ಲಿ ಕ್ಷಯದ ಬ್ಯಾಕ್ಟೀರಿಯಾ ರೋಗ ತರದೆ ವರ್ಷಗಟ್ಟಲೆ ಅಡಗಿರುತ್ತದೆ. ಮ್ಯಾಕ್ರೊಫೇಜ್‌ಗಳು ಅದರ ಸುತ್ತ ಒತ್ತಾಗಿ ನಿಂತು ಗೋಡೆ ಕಟ್ಟಿರುತ್ತವೆ. ಅದಕ್ಕೆ ಗ್ರಾನ್ಯುಲೋಮ ಎನ್ನುತ್ತಾರೆ. ಆ ಗೋಡೆ ಕುಸಿಯದಂತೆ ಹಿಡಿದಿಡುವುದರಲ್ಲಿ ಟಿಎನ್‌ಎಫ್‌ನದು ದೊಡ್ಡ ಪಾತ್ರ. ಗಿಣ್ಣಿಗಾಗಿ ಅದನ್ನು ತಡೆದರೆ ಶ್ವಾಸಕೋಶದ ಗೋಡೆಯೂ ಸಡಿಲವಾಗಬಹುದು. ಈ ಔಷಧ ಪಡೆದವರಲ್ಲಿ ಟಿಬಿ ಎದ್ದು ಬಂದ ವರದಿಗಳು 2001ರಲ್ಲಿ ಪ್ರಕಟವಾದ ಮೇಲೆ ಪರೀಕ್ಷೆ ಕಡ್ಡಾಯದಂತಾಗಿದೆ. ದಯವಿಟ್ಟು ತಪ್ಪಿಸಬೇಡಿ. ಅಡಗಿದ ಸೋಂಕು ಸಿಕ್ಕರೆ ಮೊದಲು ಅದಕ್ಕೆ ಮದ್ದು ಶುರು ಮಾಡಿ, ಆಮೇಲೆ ಇಂಜೆಕ್ಷನ್ ಕೊಡುತ್ತಾರೆ. ಇಂಜೆಕ್ಷನ್ ನಡೆಯುತ್ತಿರುವಾಗ ಬಿಡದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು – ಯಾವುದು ಕಂಡರೂ ಅಂದೇ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ರಕ್ತಪರೀಕ್ಷೆಯಲ್ಲಿ ನನ್ನ ಸಿಆರ್‌ಪಿ 62 ಬಂದಿದೆ. ಇದನ್ನು ಇಳಿಸಲು ಮಾತ್ರೆ ಇದೆಯೇ?

ಉತ್ತರ: ಸಿಆರ್‌ಪಿ ಕಾಯಿಲೆಯಲ್ಲ. ಇಂಟರ್‌ಲೂಕಿನ್-6 ಹೇಳಿದಂತೆ ಯಕೃತ್ತು (ಲಿವರ್) ತಯಾರಿಸುವ ಪ್ರೋಟೀನು ಅದು. ಉರಿಯೂತ ಹೊತ್ತಿಕೊಂಡ ಸುಮಾರು 6 ಗಂಟೆಯಲ್ಲಿ ಏರತೊಡಗಿ, ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ನಿಂತರೆ ರಕ್ತದಲ್ಲಿರುವುದು ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಆದ್ದರಿಂದ ಅದು ಏಕೆ ಏರಿತು ಎಂದು ಹುಡುಕಿಸಿ. ಒಂದು ವರದಿಗಿಂತ, ಎರಡು ದಿನ ಬಿಟ್ಟು ಮಾಡಿಸಿದ ಇನ್ನೊಂದನ್ನು ಜೊತೆಗಿಟ್ಟು ನೋಡಿದರೆ ಡಾಕ್ಟರಿಗೆ ಹೆಚ್ಚು ತಿಳಿಯುತ್ತದೆ. ನೀವು ಟೊಸಿಲಿಜುಮಾಬ್‌ನಂಥ, ಇಂಟರ್‌ಲೂಕಿನ್-6ರ ಗ್ರಾಹಕವನ್ನೇ ಮುಚ್ಚುವ ಔಷಧದ ಮೇಲಿದ್ದರೆ ಅದನ್ನು ಮರೆಯದೆ ಹೇಳಿ. ಆಗ ಮೈಯಲ್ಲಿ ಸೋಂಕಿದ್ದರೂ ಸಿಆರ್‌ಪಿ ಏರದೇ ಇರಬಹುದು.