ಕೈಸರನ ಕಾಲದ ಬೆಳ್ಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೆ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ ಜರ್ಮನಿಯ ಕೈಸರ್ (ಚಕ್ರವರ್ತಿ) ವಿಲ್‌ಹೆಲ್ಮ್ ದೊರೆಯ 5 ಮಾರ್ಕ್ ನಾಣ್ಯವಿದೆ. ಸರಾಫ್ ಗಲ್ಲಿಯ ಅಂಗಡಿಯಲ್ಲಿ ಕ್ಯಾರೆಟ್ ಮೀಟರ್‌ಗೆ ಇಟ್ಟಾಗ ಬೆಳ್ಳಿ 90 ಎಂದು ತೋರಿಸಿತು. ಇಷ್ಟನ್ನೇ ನಂಬಿ ಕೊಳ್ಳಬಹುದೇ? (ಶಹಾಪುರ, ಬೆಳಗಾವಿ)

ಉತ್ತರ: ಬೇಡ. ಆ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ. ದಪ್ಪ ಬೆಳ್ಳಿ ಲೇಪನವಿದ್ದರೆ ಒಳಗೆ ಏನಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಒರೆಗಲ್ಲಿಗಂತೂ ಕೊಡಲೇಬೇಡಿ, ಅಲ್ಲಿ ಬೀಳುವ ಗೀರಿಗೇ ನಾಣ್ಯದ ಬೆಲೆ ಕುಸಿಯುತ್ತದೆ.

ಮೊದಲು ನಾಣ್ಯದ ಅಂಚು ನೋಡಿ. ಆ ಕಾಲದ 3 ಮತ್ತು 5 ಮಾರ್ಕ್ ನಾಣ್ಯಗಳ ಅಂಚಿನಲ್ಲಿ ‘ಗೋಟ್ ಮಿಟ್ ಉನ್ಸ್’ (ದೇವರು ನಮ್ಮೊಂದಿಗೆ) ಎಂಬ ಬರಹ ಒಳಕ್ಕೆ ಒತ್ತಿರುತ್ತದೆ. ಗೀರುಗೀರಿನ ಅಂಚು ಇರುವುದು 2 ಮಾರ್ಕಿಗೆ. 5 ಮಾರ್ಕಿನ ಅಂಚಿನಲ್ಲಿ ಗೀರು ಕಂಡರೆ ವ್ಯಾಪಾರಿಗೆ ನಮಸ್ಕಾರ ಹೇಳಿ ಹೊರಡಬಹುದು. ಅಂಚಿನ ಸುತ್ತ ನಡುವೆ ತೆಳುವಾದ ಕೂಡುಗೆರೆ ಕಂಡರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ಮಾಲು.

ಆಮೇಲೆ ತೂಕ. ಒಂದು ಮಾರ್ಕಿಗೆ 5 ಗ್ರಾಂ ಶುದ್ಧ ಬೆಳ್ಳಿ ಎಂಬುದು ಲೆಕ್ಕ. ನೂರಕ್ಕೆ ಹತ್ತು ಭಾಗ ತಾಮ್ರ ಬೆರೆತು 5 ಮಾರ್ಕ್ 27.78 ಗ್ರಾಂ, 3 ಮಾರ್ಕ್ 16.67, 2 ಮಾರ್ಕ್ 11.11 ತೂಗಬೇಕು. ಸವೆದ ನಾಣ್ಯ ತುಸು ಹಗುರವಿರಬಹುದು, ಭಾರವಂತೂ ಇರಕೂಡದು. 5 ಮಾರ್ಕಿನ ಅಗಲ 38 ಮಿ.ಮೀ.

ಕೊನೆಗೆ ನೀರಿನ ಪರೀಕ್ಷೆ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆಯ ನೈಲಾನ್ ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಅಸಲಿ 5 ಮಾರ್ಕಿಗೆ 2.69ರ ಆಸುಪಾಸು ಬರಬೇಕು, 3 ಮಾರ್ಕಿಗೆ 1.62. ಅಷ್ಟೇ ತೂಕದ ತಾಮ್ರ-ನಿಕಲ್ ನಕಲಿಯಾದರೆ 3.1 ದಾಟುತ್ತದೆ. ಅಂಕಿ ತಪ್ಪಿಸುವುದು ಗಾಳಿಗುಳ್ಳೆ: ಕುದಿಸಿ ಆರಿಸಿದ ನೀರು ಬಳಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಹತ್ತಿ ದಾರ ನೀರು ಕುಡಿಯುತ್ತದೆ, ಬೇಡ. ಅರ್ಧ ಮಾರ್ಕಿನಂಥ ಪುಟ್ಟ ನಾಣ್ಯಕ್ಕೆ ಈ ವಿಧಾನ ಹೊಂದುವುದಿಲ್ಲ; ಬರುವ ಅಂಕಿಯೇ 0.27, ಅದರಲ್ಲಿ 0.01 ಆಚೀಚೆಯಾದರೂ ಲೆಕ್ಕ ಕೆಟ್ಟಿತು.

ಇಷ್ಟೆಲ್ಲ ಸರಿಬಂದರೂ ಬೆಳ್ಳಿಯಲ್ಲೇ ಮಾಡಿದ ನಕಲಿಗಳುಂಟು. ಅವನ್ನು ಹಿಡಿಯಲು ಇಸವಿ ನೆರವಾಗುತ್ತದೆ. ಸಾಮ್ರಾಜ್ಯದ 3 ಮಾರ್ಕ್ ಶುರುವಾದದ್ದೇ 1908ರಲ್ಲಿ. ಟಂಕಸಾಲೆಯ ಅಕ್ಷರ ತಲೆಯ ಚಿತ್ರದ ಕೆಳಗಿರುತ್ತದೆ: ಎ ಬರ್ಲಿನ್, ಡಿ ಮ್ಯೂನಿಕ್, ಎಫ್ ಸ್ಟುಟ್‌ಗಾರ್ಟ್, ಜಿ ಕಾರ್ಲ್ಸ್‌ರುಹ, ಜೆ ಹ್ಯಾಂಬರ್ಗ್. ಬಿ, ಸಿ, ಎಚ್ ಅಕ್ಷರದ ಟಂಕಸಾಲೆಗಳು ಬೇಗನೇ ಮುಚ್ಚಿದವು. 1890ರ ನಂತರದ ನಾಣ್ಯದ ಮೇಲೆ ಅವು ಕಂಡರೆ ಅದು ಖೊಟ್ಟಿ.

ಪ್ರಶ್ನೆ: 99 ದಿನ ಮಾತ್ರ ಆಳಿದ ಫ್ರೆಡ್ರಿಕ್ ದೊರೆಯ 1888ರ ನಾಣ್ಯ ಅತಿ ಅಪರೂಪವಂತೆ, ನಿಜವೇ? (ಜಮಖಂಡಿ)

ಉತ್ತರ: ಕಥೆ ಅಪರೂಪ, ನಾಣ್ಯ ಅಲ್ಲ. ಅವನ 5 ಮಾರ್ಕ್ 2 ಲಕ್ಷ ಅಚ್ಚಾಗಿದೆ, ನೆನಪಿಗೆಂದು ಜನ ಅದನ್ನು ಖರ್ಚು ಮಾಡದೆ ಎತ್ತಿಟ್ಟರು. ಅದೇ ವರ್ಷ ಪಟ್ಟಕ್ಕೆ ಬಂದ ಮಗ ಎರಡನೇ ವಿಲ್‌ಹೆಲ್ಮನ 1888ರ 5 ಮಾರ್ಕ್ ಬರೀ 56 ಸಾವಿರ. ಸಂಗ್ರಾಹಕರು ಹುಡುಕುವುದು ಅದನ್ನು. ಎರಡರ ಹಿಂಬದಿಯಲ್ಲೂ ಇರುವುದು ಹಳೆಯ ಸಣ್ಣ ಹದ್ದು. ದೊಡ್ಡ ಹದ್ದಿನ ‘ಫ್ರೆಡ್ರಿಕ್’ ಸಿಕ್ಕರೆ ಅದು ಖಂಡಿತ ನಕಲಿ. ಜರ್ಮನಿಯೊಳಗಿನ ಸ್ಯಾಕ್ಸನಿ ರಾಜ್ಯದ 1917ರ ‘ಜಾಣ ಫ್ರೆಡ್ರಿಕ್’ 3 ಮಾರ್ಕ್ ಬೇರೆಯೇ ಮಾತು. ಅಚ್ಚಾದದ್ದು 100 ಮಾತ್ರ, ಹೀಗಾಗಿ ಸಂತೆಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದೆಲ್ಲ ಪ್ರತಿಕೃತಿ ಎಂದೇ ತಿಳಿಯಿರಿ.

ಪ್ರಶ್ನೆ: ನಮ್ಮಜ್ಜನ ಪೆಟ್ಟಿಗ್ಯಾಗ ಒಂದ ಬೆಳ್ಳಿ ನಾಣ್ಯ ಸಿಕ್ಕೈತ್ರಿ. ಮ್ಯಾಲೆ ‘ರುಪೀ’ ಅಂತ ಐತಿ, ಆದ್ರ ರಾಣಿ ಇಲ್ಲ, ಹದ್ದಿನ ಟೊಪ್ಪಿಗಿ ಹಾಕ್ಕೊಂಡ ಮೀಸೆ ರಾಜ ಅದಾನ. ಇದು ಎಲ್ಲಿದು? (ಸಿಂದಗಿ, ವಿಜಯಪುರ ಜಿಲ್ಲೆ)

ಉತ್ತರ: ಜರ್ಮನ್ ಪೂರ್ವ ಆಫ್ರಿಕಾದ್ದು, ಅಂದರೆ ಈಗಿನ ತಾಂಜಾನಿಯಾ ಕಡೆಯದು. ಆ ಕರಾವಳಿಯಲ್ಲಿ ನಮ್ಮ ರೂಪಾಯಿಯೇ ಓಡುತ್ತಿದ್ದುದರಿಂದ ಜರ್ಮನ್ ಕಂಪನಿ 1890ರಿಂದ ಅದೇ 11.66 ಗ್ರಾಂ ತೂಕ, ಅದೇ 91.7 ಶೇಕಡಾ ಬೆಳ್ಳಿಯಲ್ಲಿ ತನ್ನ ರೂಪಾಯಿ ಹೊರಡಿಸಿತು. ಹಿಂಬದಿಯಲ್ಲಿ ತಾಳೆಮರ, ಸಿಂಹ ಇದ್ದರೆ ಕಂಪನಿಯದು, 1904ರಿಂದ ಸರಕಾರದ್ದು. ನಿಮ್ಮದು ಒಂದು ರೂಪಾಯಿಯದಾದರೆ ಬೆಲೆ ನಿಲ್ಲುವುದು ಸವೆತದ ಮೇಲೆ. 1893, 1894ರ ಎರಡು ರೂಪಾಯಿಯದಾದರೆ ಅದೃಷ್ಟ ಖುಲಾಯಿಸಿತು. ಸರಕ್ಕೆ ಪೋಣಿಸಲು ಹಿಂದೆ ಕೊಂಡಿ ಬೆಸೆದಿದ್ದರೇ ನೋಡಿಕೊಳ್ಳಿ: ತಲೆಯ ನೇರ ಮೇಲಿನ ಅಂಚಿನಲ್ಲಿ ಗೀರು ಅಳಿಸಿ ನುಣ್ಣಗಾಗಿರುತ್ತದೆ. ಅಂಥದ್ದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಸಿಗುವುದು ಕಷ್ಟ.

ಪ್ರಶ್ನೆ: ಆಲ್ಬಮ್‌ನಲ್ಲಿಟ್ಟ ನಾಣ್ಯಗಳ ಮೇಲೆ ಹಸಿರು ಜಿಡ್ಡು ಬಂದಿದೆ. ವಿಭೂತಿ ಹಾಕಿ ತಿಕ್ಕಬಹುದೇ? (ಇಳಕಲ್)

ಉತ್ತರ: ವಿಭೂತಿ, ಹುಣಸೆಹಣ್ಣು ದೇವರ ಸಾಮಾನಿಗೆ ಇರಲಿ. ತಿಕ್ಕಿದರೆ ಟಂಕದ ಮೂಲ ಹೊಳಪು ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಹಸಿರು ಜಿಡ್ಡಿಗೆ ಕಾರಣ ಪಿವಿಸಿ ಹಾಳೆ. ಬಿಸಿಲೂರಿನಲ್ಲಿ ಅದು ಬೇಗ ಬೆವರುತ್ತದೆ. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ನಾಣ್ಯವನ್ನು 15 ನಿಮಿಷ ಮುಳುಗಿಸಿ, ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಅದ್ದಿ, ಒರೆಸದೆ ಗಾಳಿಗೆ ಒಣಗಿಸಿ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ, ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಹೋಗಬೇಡಿ. ಕಪ್ಪು, ನೀಲಿ ಛಾಯೆ ಇದರಿಂದ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮುಂದೆ ಮೈಲಾರ್ ಹಾಳೆ ಅಥವಾ ಗಟ್ಟಿ ಕ್ಯಾಪ್ಸೂಲ್ ಬಳಸಿ. ರಬ್ಬರ್ ಬ್ಯಾಂಡ್‌ನಲ್ಲಿ ಗಂಧಕವಿದೆ, ಡಬ್ಬಿಯೊಳಗೂ ಬಿಡಬೇಡಿ.

ಪ್ರಶ್ನೆ: ದರ್ಜೆ ಹಾಕಿಸಲು ನಾಣ್ಯವನ್ನು ವಿದೇಶಕ್ಕೆ ಕೊರಿಯರ್ ಮಾಡಬಹುದೇ? (ಗೋಕಾಕ)

ಉತ್ತರ: ಮಾಡಬೇಡಿ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕೈಸರನ ನಾಣ್ಯಗಳಿಗೆಲ್ಲ ಆ ವಯಸ್ಸಾಗಿದೆ. ಬಲ್ಲವರ ಅಭಿಪ್ರಾಯ ಬೇಕಿದ್ದರೆ ಫೋಟೊ ಕಳಿಸಿ: ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಎರಡೂ ಮುಖ, ಅಂಚಿನ ಬರಹ ಪೂರ್ತಿ ಕಾಣುವಂತೆ ಮೂರು ಚಿತ್ರ, ಜೊತೆಗೆ ತೂಕದ ಅಂಕಿ.