ಗಲ್ಲು ಶಿಕ್ಷೆಗೆ ಹೆದರಿ ಯಾರಾದರೂ ಕೊಲೆ ಮಾಡೋದು ಬಿಡ್ತಾರಾ?

ಬಿಡಲ್ಲ ಅಂತಲೇ ನನ್ನ ಅನಿಸಿಕೆ. ಮಂಡ್ಯದಲ್ಲಿ ಕ್ರಿಮಿನಲ್ ವಕೀಲರೊಬ್ಬರ ಹತ್ತಿರ ಗುಮಾಸ್ತ ನಾನು. ನಮ್ಮಲ್ಲಿಗೆ ಬರುವ ಕೊಲೆ ಕೇಸುಗಳು ಹೆಚ್ಚಾಗಿ ಎಂಥವು ಗೊತ್ತಾ? ಬದುವಿನ ತಗಾದೆ, ನಾಲೆ ನೀರು, ಕುಡಿದು ಆಡಿದ ಮಾತು, ಹೆಂಡತಿ ಮೇಲಿನ ಅನುಮಾನ. ಮನೆಯಲ್ಲೇ ಇದ್ದ ಮಚ್ಚು ಬೀಸಿರುತ್ತಾರೆ. ನೀರಿನ ಸರದಿಗೆ ಕಿತ್ತಾಡಿ ದಾಯಾದಿಯನ್ನೇ ಕಡಿದವನೊಬ್ಬ ಜೈಲಿನಲ್ಲಿ ನಮ್ಮನ್ನು ಮೊದಲು ಕೇಳಿದ್ದು, "ಸಾರ್, ಕಬ್ಬು ಕಡಿಯೋ ಹೊತ್ತಿಗೆ ಬೇಲ್ ಆಗುತ್ತಾ?" ಅಂತ. ಸಿಕ್ಕಿಬಿದ್ದ ಮೇಲೂ ಗಲ್ಲಿನ ಯೋಚನೆ ಬಾರದವನಿಗೆ ಮಚ್ಚು ಎತ್ತುವಾಗ ಬರುತ್ತಾ?

ಅಂಕಿ ಅಂಶವೂ ಹಾಗೇ ಇದೆ. 1992ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ 40,000ದಷ್ಟು ಕೊಲೆ ಕೇಸು ದಾಖಲಾಗುತ್ತಿದ್ದವು. 2022ರಲ್ಲಿ 28,522. ಅಷ್ಟರಲ್ಲಿ ಜನ ಎಷ್ಟು ಜಾಸ್ತಿ ಆಗಿದ್ದಾರೆ ನೋಡಿ. ಹಾಗಂತ ನೇಣು ಹಾಕೋದು ಜಾಸ್ತಿ ಆಯ್ತಾ? 2004ರಿಂದ 2020ರವರೆಗೆ ಗಲ್ಲಿಗೇರಿದವರು ಬರೀ 8 ಜನ, ಅದರಲ್ಲಿ ನಾಲ್ವರು ನಿರ್ಭಯಾ ಕೇಸಿನವರು. ಕೊಲೆ ಇಳಿಯೋಕೆ ಬೇರೆ ನೂರು ಕಾರಣ ಇರಬಹುದು, ಆ ಕ್ರೆಡಿಟ್ಟು ನೇಣಿಗಂತೂ ಸೇರಲ್ಲ. 2015ರಲ್ಲಿ ಕಾನೂನು ಆಯೋಗ ಕೂಡ, ಜೀವಾವಧಿಗಿಂತ ಗಲ್ಲಿಗೆ ಜನ ಜಾಸ್ತಿ ಹೆದರ್ತಾರೆ ಅನ್ನೋದಕ್ಕೆ ಆಧಾರ ಇಲ್ಲ ಅಂತ ಹೇಳಿ, ಭಯೋತ್ಪಾದನೆ, ದೇಶದ ಮೇಲೆ ಯುದ್ಧ ಸಾರಿದ ಕೇಸು ಬಿಟ್ಟು ಉಳಿದದ್ದಕ್ಕೆ ಗಲ್ಲು ತೆಗೆಯಿರಿ ಅಂದಿತು.

ಅಷ್ಟಕ್ಕೂ ಗಲ್ಲು ಅಂತ ಬರೆದ ಮಾತ್ರಕ್ಕೆ ಗಲ್ಲಾಗಲ್ಲ. 1993ರ ಪಾಲಾರ್ ಸ್ಫೋಟ ನೆನಪಿದೆಯಲ್ಲ, 22 ಜನ ಸತ್ತರು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ 2001ರಲ್ಲಿ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತು 2013ರಲ್ಲಿ ತಿರಸ್ಕಾರವಾಯಿತು. ಇಷ್ಟು ತಡ ಮಾಡಿದ್ದು ತಪ್ಪು ಅಂತ 2014ರಲ್ಲಿ ಮತ್ತೆ ಜೀವಾವಧಿ!

ಲೆಕ್ಕ ಹಾಕಿ ಕೊಲ್ಲುವ ಸುಪಾರಿಯವರೂ ಇದ್ದಾರೆ, ಇಲ್ಲ ಅನ್ನಲ್ಲ. ಅವರ ಲೆಕ್ಕವೆಲ್ಲ ಸಿಕ್ಕಿಬೀಳ್ತೀನಾ, ಸಾಕ್ಷಿ ನಿಲ್ಲುತ್ತಾ ಅನ್ನೋದರ ಮೇಲೆ. ಸಾಕ್ಷಿ ಎಷ್ಟೋ ಸಲ ನಿಲ್ಲಲ್ಲ ಅಂತ ಅವರಿಗೂ ಗೊತ್ತು. ಮಚ್ಚು ವಶಪಡಿಸಿಕೊಂಡಾಗ ಪಕ್ಕದಲ್ಲೇ ನಿಂತು ಪೊಲೀಸರು ಬರೆದ ಮಹಜರಿಗೆ ಸಹಿ ಹಾಕಿದ ಪಂಚ, ಅಂದರೆ ಅದಕ್ಕೆ ಸಾಕ್ಷಿಯಾದವನು, ಮೂರು ವರ್ಷ ಬಿಟ್ಟು ಕಟಕಟೆ ಹತ್ತಿ, "ಖಾಲಿ ಪೇಪರಿಗೆ ಸೈನ್ ಹಾಕಿಸಿಕೊಂಡ್ರು ಸ್ವಾಮಿ, ನಾನೇನೂ ನೋಡಿಲ್ಲ" ಅಂತಾನೆ. ಅಲ್ಲಿಗೆ ಅರ್ಧ ಕೇಸು ಮುಗೀತು.