ಸಿಆರ್‌ಪಿಎಫ್‌ಗೆ ಅಷ್ಟು, ಐಬಿಗೆ ಯಾಕೆ ಇಷ್ಟೇ?

ನೀವು ಕೇಳಿದ್ದು, ಗುಪ್ತಚರ ಕೆಲಸ ಅಷ್ಟು ಮುಖ್ಯವಾದರೆ ದೇಶದೊಳಗಿನ ಗುಪ್ತಚರ ಸಂಸ್ಥೆ ಐಬಿಗೆ, ಕೇಂದ್ರ ಮೀಸಲು ಪೊಲೀಸ್ ಪಡೆ ಸಿಆರ್‌ಪಿಎಫ್‌ಗಿಂತ ಯಾಕೆ ಇಷ್ಟು ಕಡಿಮೆ ದುಡ್ಡು ಅಂತ ಅಲ್ವಾ? 2024ರ ಜುಲೈನ ಕೇಂದ್ರ ಬಜೆಟ್ ನೋಡಿ. ಸಿಆರ್‌ಪಿಎಫ್‌ಗೆ ಸುಮಾರು 31,543 ಕೋಟಿ, ಗಡಿ ಕಾಯುವ ಬಿಎಸ್‌ಎಫ್‌ಗೆ 25,472 ಕೋಟಿ, ಐಬಿಗೆ ಬರೀ 3,823 ಕೋಟಿ. ಸುಮ್ನೆ ಮೊತ್ತ ಪಕ್ಕಪಕ್ಕ ಇಟ್ಟರೆ ದಾರಿ ತಪ್ಪುತ್ತೀರಿ. ಸಿಆರ್‌ಪಿಎಫ್‌ನಲ್ಲಿ ಸುಮಾರು 3 ಲಕ್ಷ ಜನ ಇದ್ದಾರೆ, ದುಡ್ಡಿನಲ್ಲಿ ಬಹುಪಾಲು ಅವರ ಸಂಬಳ, ಭತ್ಯೆಗೇ ಹೋಗುತ್ತದೆ. ತಲೆಗೆ ಹಂಚಿದರೆ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು, ಅಷ್ಟೇ. ಹಾಗಾಗಿ ಈ ಅಂಕಿಗಳು ಯಾರು ಮುಖ್ಯ ಅಂತ ಹೇಳುವುದಿಲ್ಲ, ಎಲ್ಲಿ ಜನ ಜಾಸ್ತಿ ಅಂತ ಹೇಳುತ್ತವೆ.

ಇನ್ನೊಂದು ವಿಷಯ, ಕಾರ್ಖಾನೆ, ವಿಮಾನ ನಿಲ್ದಾಣ ಕಾಯುವ ಸಿಐಎಸ್‌ಎಫ್‌ಗೆ ಅದೇ ಬಜೆಟ್‌ನಲ್ಲಿ ಕೊಟ್ಟ 14,331 ಕೋಟಿಯನ್ನು ಪೂರ್ತಿ ಸರ್ಕಾರದ ಹೊರೆ ಅಂದುಕೊಳ್ಳಬೇಡಿ, ಕಾವಲು ಪಡೆಯುವ ಎಷ್ಟೋ ಕಾರ್ಖಾನೆ, ಸಂಸ್ಥೆಗಳು ಆ ಖರ್ಚನ್ನು ವಾಪಸ್ ಕಟ್ಟುತ್ತವೆ. ನಾವು ಬೆಂಗಳೂರಿಂದ ವಿಮಾನ ಹತ್ತುವಾಗ ಟಿಕೆಟ್‌ನಲ್ಲಿ ಭದ್ರತಾ ಶುಲ್ಕ ಕೊಡುತ್ತೇವಲ್ಲ, ಅದೂ ಇದೇ ಲೆಕ್ಕಕ್ಕೆ ಸೇರಿದ್ದು.

ವಿದೇಶಿ ಗುಪ್ತಚರ ಕೆಲಸ ಮಾಡುವ ರಾ ಸಂಸ್ಥೆಯನ್ನು ಈ ಹೋಲಿಕೆಗೆ ಸೇರಿಸಬೇಡಿ. ಮೇಲಿನ ಉಳಿದವುಗಳಂತೆ ಅದು ಗೃಹ ಸಚಿವಾಲಯದ ಕೆಳಗೆ ಬರುವುದಿಲ್ಲ, ಸಂಪುಟ ಸಚಿವಾಲಯದ ಕೆಳಗಿದೆ, ಅದರ ಮೊತ್ತವನ್ನು ಸರ್ಕಾರ ಬೇರೆಯಾಗಿ ಹೇಳುವುದೇ ಇಲ್ಲ.